ಮಕ್ಕಳ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗುತ್ತಿದ್ದೀರಾ? ಮೊದಲ ಸೀಸನ್‌ಗೆ ಬೇಕಾದ ತಯಾರಿ

ಮಕ್ಕಳು ಹೆಸರು ಕೊಟ್ಟಿದ್ದಾರೆ, ಮೈದಾನ ಸಿಕ್ಕಿದೆ, ಹೇಳಿಕೊಡುವವರೇ ಇಲ್ಲ. ಆಗ ತಂದೆಯೋ ತಾಯಿಯೋ ಒಬ್ಬರು ‘ನಾನು ನೋಡಿಕೊಳ್ಳುತ್ತೇನೆ’ ಎಂದು ಮುಂದೆ ಬರುತ್ತಾರೆ. ಮಕ್ಕಳ ಫುಟ್‌ಬಾಲ್ ಬಹುಪಾಲು ನಿಂತಿರುವುದು ಇಂಥ ಸ್ವಯಂಸೇವಕರ ಮೇಲೆ. ಇದಕ್ಕೆ ದೊಡ್ಡ ಆಟಗಾರರಾಗಿರಬೇಕಿಲ್ಲ, ಒಂದು ಸಣ್ಣ ಲೆಕ್ಕ ಗೊತ್ತಿದ್ದರೆ ಸಾಕು. 12 ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಚೆಂಡಿನಲ್ಲಿ ಒಬ್ಬೊಬ್ಬರಾಗಿ ಗೋಲಿಗೆ ಹೊಡೆಸುತ್ತೀರಿ ಎಂದುಕೊಳ್ಳಿ. ಒಬ್ಬರಿಗೆ 10 ಸೆಕೆಂಡ್ ಹಿಡಿದರೆ ಅದೇ ಮಗುವಿಗೆ ಮತ್ತೆ ಸರದಿ ಬರುವುದು 2 ನಿಮಿಷಕ್ಕೊಮ್ಮೆ. 10 ನಿಮಿಷದಲ್ಲಿ ಐದು ಸರದಿ, ಅಂದರೆ 50 ಸೆಕೆಂಡ್ ಆಟ. ಉಳಿದ ಹೊತ್ತೆಲ್ಲ ಅದು ಮುಂದೆ ನಿಂತವರ ಬೆನ್ನು ನೋಡುತ್ತಿರುತ್ತದೆ. ಸಾಲು, ಸುತ್ತು ಓಟ, ಭಾಷಣ ಈ ಮೂರನ್ನು ಎಷ್ಟು ಕಡಿಮೆ ಮಾಡುತ್ತೀರೋ ಮಕ್ಕಳು ಅಷ್ಟು ಕಲಿಯುತ್ತಾರೆ. ಮುಂದೆ ಹೇಳುವ ಹಂತಗಳೆಲ್ಲ ಬಹುಮಟ್ಟಿಗೆ ಪ್ರತಿ ಮಗುವಿನ ಕಾಲಿಗೂ ಚೆಂಡು ಸಿಗುವ ಹಾಗೆ ಮಾಡುವುದಕ್ಕಾಗಿಯೇ ಇವೆ.

ಮೊದಲು ಕಾಗದಪತ್ರ, ಆಮೇಲೆ ಚೆಂಡು

ಮೊದಲ ಅಭ್ಯಾಸಕ್ಕೆ ಮುಂಚೆಯೇ ಪ್ರತಿ ಮಗುವಿನ ಪೋಷಕರಿಂದ ಎರಡು ಫೋನ್ ನಂಬರ್ ಬರೆಸಿಕೊಳ್ಳಿ. ಅಲರ್ಜಿ, ಅಸ್ತಮಾ, ಮೂರ್ಛೆರೋಗ ಇದೆಯೇ ಎಂದು ಕೇಳಿ. ಇನ್‌ಹೇಲರ್ ಬೇಕಾದ ಮಗುವಿನ ಇನ್‌ಹೇಲರ್ ಮೈದಾನದ ಅಂಚಿನಲ್ಲೇ ಇರಬೇಕು, ಕಾರಿನಲ್ಲಲ್ಲ. ಅಭ್ಯಾಸದ ಉದ್ದಕ್ಕೂ ಇಬ್ಬರು ದೊಡ್ಡವರು ಇರಲಿ. ಒಬ್ಬ ಮಗುವಿನ ಜೊತೆ ನೀವೊಬ್ಬರೇ ಇರುವ ಸಂದರ್ಭ ಬರಬಾರದು. ಮಕ್ಕಳಿಗೆ ನೇರವಾಗಿ ಮೆಸೇಜ್ ಕಳಿಸಬೇಡಿ, ಏನಿದ್ದರೂ ಪೋಷಕರ ಗ್ರೂಪ್‌ನಲ್ಲಿ ಹಾಕಿ.

ಚೆಂಡು ತಲೆಗೊಂದು ಬೇಕು. 8 ವರ್ಷದೊಳಗಿನವರಿಗೆ 3ನೇ ಸೈಜ್, 8ರಿಂದ 12ರವರೆಗೆ 4ನೇ ಸೈಜ್, 13 ದಾಟಿದವರಿಗೆ 5ನೇ ಸೈಜ್. ದೊಡ್ಡವರ ಈ 5ನೇ ಸೈಜ್ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ಇದನ್ನು ಏಳು ವರ್ಷದ ಮಗುವಿಗೆ ಕೊಟ್ಟರೆ ಚೆಂಡು ಮುಂದೆ ಹೋಗಲೆಂದು ಅದು ಬೆರಳ ತುದಿಯಲ್ಲಿ ಕುಟ್ಟಲು ಶುರುಮಾಡುತ್ತದೆ, ಆ ಅಭ್ಯಾಸ ಬಿಡಿಸುವುದು ಕಷ್ಟ. ಗಾಳಿ ತುಂಬುವಾಗ ಪಂಪಿನ ಸೂಜಿಯನ್ನು ಒದ್ದೆ ಮಾಡಿ ಚುಚ್ಚಿ. ಒಣ ಸೂಜಿ ವಾಲ್ವ್ ಅನ್ನು ಹರಿಯುತ್ತದೆ. ಜೊತೆಗೆ ಚಪ್ಪಟೆ ಕೋನ್‌ಗಳು 20–24, ತಂಡ ಗುರುತಿಸಲು ಅಂಗಿಯ ಮೇಲೆ ಹಾಕುವ ಎರಡು ಬಣ್ಣದ ಬಿಬ್‌ಗಳು, ಹೆಚ್ಚುವರಿ ಸೂಜಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಐಸ್ ಪ್ಯಾಕ್ ಇರಲಿ.

ಎತ್ತಿಡುವ ಗೋಲ್ ಪೋಸ್ಟ್ ಬಗ್ಗೆ ಎಷ್ಟು ಎಚ್ಚರ ಹೇಳಿದರೂ ಕಡಿಮೆಯೇ. ಅದರ ಭಾರವೆಲ್ಲ ಮುಂದಿನ ಕಂಬಗಳಲ್ಲಿರುವುದರಿಂದ, ಮಗು ಅಡ್ಡಪಟ್ಟಿಗೆ ಜೋತುಬಿದ್ದರೆ ಮುಂದಕ್ಕೆ ಮಗುಚುತ್ತದೆ. ಹೀಗೆ ಮಕ್ಕಳು ಜೀವ ಕಳೆದುಕೊಂಡಿದ್ದಾರೆ. ಹಿಂಬದಿಯ ಪಟ್ಟಿಗೆ ಮರಳು ಚೀಲ ಹೇರಿ ಅಥವಾ ನೆಲಕ್ಕೆ ಗೂಟ ಹೊಡೆದು ಬಿಗಿಯಿರಿ. ಕೈಯಿಂದ ಅಲ್ಲಾಡಿಸಿ ನೋಡಿದ ಮೇಲೆಯೇ ಮಕ್ಕಳನ್ನು ಒಳಗೆ ಬಿಡಿ.

ಮೊಣಕಾಲ ಕೆಳಗಿನ ಮುಂಭಾಗವನ್ನು ಕಾಯುವ ಶಿನ್‌ಗಾರ್ಡ್ ಕಡ್ಡಾಯ, ಅದು ಸಾಕ್ಸ್ ಒಳಗಿರಬೇಕು. ಓಲೆ, ಸರ, ಬಳೆ ಯಾವುದೂ ಬೇಡ. ಮೇಲೆ ಟೇಪ್ ಸುತ್ತಿದರೂ ನಿಯಮ ಒಪ್ಪುವುದಿಲ್ಲ ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಸಿ.

60 ನಿಮಿಷ ಹಂಚುವುದು ಹೇಗೆ?

7ರಿಂದ 10 ವರ್ಷದವರಿಗೆ ಒಂದು ಗಂಟೆ ಸಾಕು. ಮಕ್ಕಳು ಬರುವ ಕಾಲು ಗಂಟೆ ಮೊದಲೇ ನೀವು ಹೋಗಿ, 25 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಅಂಗಳಗಳನ್ನು ಕೋನ್‌ನಿಂದ ಗುರುತಿಸಿಡಿ.

ಮೊದಲ 15 ನಿಮಿಷ ಆಟ. ನಾಲ್ವರು ಬಂದರೆ ಇಬ್ಬರಿಗಿಬ್ಬರು ಆಡಲಿ, ಬಂದವರು ಬಂದ ಹಾಗೆ ಸೇರಿಕೊಳ್ಳಲಿ. ಎಲ್ಲರೂ ಬರಲೆಂದು ಕಾದರೆ ಹೊತ್ತಿಗೆ ಸರಿಯಾಗಿ ಬಂದ ಮಗುವಿಗೇ ಶಿಕ್ಷೆಯಾಗುತ್ತದೆ. ಮುಂದಿನ 25 ನಿಮಿಷ ಒಂದೇ ಒಂದು ವಿಷಯ: ಪಾಸ್ ಅಥವಾ ಡ್ರಿಬ್ಲಿಂಗ್ (ಚೆಂಡನ್ನು ಕಾಲಲ್ಲೇ ತಳ್ಳುತ್ತಾ ಸಾಗುವುದು) ಅಥವಾ ಚೆಂಡು ಕಸಿಯುವುದು. ಕೊನೆಯ 20 ನಿಮಿಷ ಮತ್ತೆ ಪಂದ್ಯ, ಮಧ್ಯೆ ಕೈಹಾಕಬೇಡಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ತಳಮಟ್ಟದ ಕೋಚ್‌ಗಳಿಗೆ ಹೇಳಿಕೊಡುವುದೂ ಇದೇ ‘ಆಟ–ಅಭ್ಯಾಸ–ಆಟ’ದ ಕ್ರಮವನ್ನು. 15–20 ನಿಮಿಷಕ್ಕೊಮ್ಮೆ ನೀರು ಕುಡಿಸಿ, ಹೇಳಬೇಕಾದ ಮಾತನ್ನು ಆ ಬಿಡುವಿನಲ್ಲೇ ಹೇಳಿ ಮುಗಿಸಿ. ಮಾತು 30 ಸೆಕೆಂಡ್ ಮೀರದಿರಲಿ. ಬಿಸಿಲಿಗೆ ನೀವು ಮುಖ ಮಾಡಿ, ಮಕ್ಕಳ ಬೆನ್ನಿಗೆ ಬಿಸಿಲು ಬೀಳುವಂತೆ ನಿಲ್ಲಿ. ಕಣ್ಣು ಕುಕ್ಕುವ ಬೆಳಕಿನಲ್ಲಿ ಯಾವ ಮಗುವೂ ಪಾಠ ಕೇಳುವುದಿಲ್ಲ.

ಹದಿಹರೆಯದವರಾದರೆ ಫಿಫಾ ರೂಪಿಸಿದ ‘11+’ ವಾರ್ಮ್‌ಅಪ್ ಕಲಿಸಿ. 14 ದಾಟಿದವರಿಗಾಗಿಯೇ ಮಾಡಿದ್ದು: 15 ವ್ಯಾಯಾಮ, ಸುಮಾರು 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ. 7ರಿಂದ 13 ವರ್ಷದವರಿಗೆ ಇದರ ಮಕ್ಕಳ ಆವೃತ್ತಿ ಬೇರೆಯೇ ಇದೆ. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಿದೆಯೇ ನೋಡಿ. ಮಂಡಿಯ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಹೀಗೆಯೇ. ಮಂಡಿ ಪಾದದ ನೇರಕ್ಕೆ ನಿಲ್ಲುವವರೆಗೆ ವೇಗ ಹೆಚ್ಚಿಸಬೇಡಿ.

ಪಾಸ್ ಹಾಳಾಗುವುದು ಎಲ್ಲಿ?

ಪಾಸ್ ತಪ್ಪಿದರೆ ಎಲ್ಲರೂ ಹೊಡೆದ ಕಾಲನ್ನು ನೋಡುತ್ತಾರೆ. ನೀವು ಊರಿದ ಕಾಲನ್ನು ನೋಡಿ. ಅದು ಚೆಂಡಿನ ಪಕ್ಕದಲ್ಲಿ, ಸುಮಾರು ಒಂದು ಗೇಣು ದೂರದಲ್ಲಿ, ಬೆರಳುಗಳು ಚೆಂಡು ಹೋಗಬೇಕಾದ ದಿಕ್ಕಿಗೆ ತಿರುಗಿರಬೇಕು. ಅದು ಚೆಂಡಿಗಿಂತ ಹಿಂದೆ ಉಳಿದರೆ ಮೈ ಹಿಂದಕ್ಕೆ ವಾಲುತ್ತದೆ, ಪಾದ ಚೆಂಡಿನ ಕೆಳಭಾಗಕ್ಕೆ ತಗುಲುತ್ತದೆ, ಚೆಂಡು ಮೇಲಕ್ಕೇಳುತ್ತದೆ. ಬೆರಳು ಅಡ್ಡಕ್ಕೆ ತಿರುಗಿದ್ದರೆ ಸೊಂಟವೂ ತಿರುಗಿ, ಚೆಂಡು ಅತ್ತಲೇ ಹೋಗುತ್ತದೆ. ಹೊಡೆಯುವ ಕಾಲಿನ ಪಾದದ ಒಳಮಗ್ಗುಲು ಚೆಂಡಿನ ನಡುಭಾಗಕ್ಕೆ ತಾಗಬೇಕು, ಹಿಮ್ಮಡಿ ಕೆಳಗೆ, ಬೆರಳು ತುಸು ಮೇಲೆ, ಕಣಕಾಲು ಬಿಗಿ. ಕಣಕಾಲು ಸಡಿಲವಿದ್ದರೆ ‘ಟಪ್’ ಎಂಬ ಸದ್ದು ಬರುವುದೇ ಇಲ್ಲ, ಚೆಂಡು ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ.

ಇದಿಷ್ಟನ್ನೂ ಒಂದೇ ದಿನ ಹೇಳಬೇಡಿ. ಒಂದು ದಿನ ಊರಿದ ಕಾಲು ಮಾತ್ರ. ಮಾಡಿ ತೋರಿಸಿ, ಆಮೇಲೆ 8 ಮೀಟರ್ ಚೌಕದಲ್ಲಿ ನಾಲ್ವರು ಚೆಂಡು ದಾಟಿಸಲಿ, ಮಧ್ಯದ ಒಬ್ಬರು ಕಸಿಯಲಿ. ಮಧ್ಯದವರಿಗೆ ಚೆಂಡು ಥಟ್ಟನೆ ಸಿಗುತ್ತಿದ್ದರೆ ಚೌಕವನ್ನು ಎರಡು ಹೆಜ್ಜೆ ದೊಡ್ಡದು ಮಾಡಿ. ಎಷ್ಟು ಹೊತ್ತಾದರೂ ಸಿಗದಿದ್ದರೆ ಚಿಕ್ಕದು ಮಾಡಿ. ಕಷ್ಟ ಸುಲಭ ಎರಡೂ ಚೌಕದ ಅಳತೆಯಲ್ಲೇ ಇವೆ.

ಚಿಕ್ಕವರು ಚೆಂಡಿನ ಸುತ್ತ ಇರುವೆ ಮುತ್ತಿದ ಹಾಗೆ ಮುತ್ತುತ್ತಾರೆ. ‘ದೂರ ದೂರ ನಿಲ್ಲಿ’ ಎಂದು ಕೂಗಿ ಪ್ರಯೋಜನವಿಲ್ಲ. ಆರು ವರ್ಷದ ಮಗುವಿಗೆ ಚೆಂಡು ಬೇಕು, ಅದು ತಪ್ಪೂ ಅಲ್ಲ. ತಲಾ ಮೂವರ ತಂಡ ಮಾಡಿ, ಅಂಗಳದ ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಗೋಲ್ ಇಡಿ, ಪ್ರತಿ ತಂಡಕ್ಕೂ ಎರಡೆರಡು. ಒಂದು ಮೂಲೆ ಮುಚ್ಚಿದೆ ಎಂದು ಕಂಡ ಕೂಡಲೇ ಮಕ್ಕಳು ತಾವಾಗಿಯೇ ಇನ್ನೊಂದು ಕಡೆಗೆ ತಿರುಗುತ್ತಾರೆ.

ಪಂದ್ಯದ ದಿನ

ಎಷ್ಟು ಮಂದಿ ಆಡಬೇಕು ಎಂಬುದು ಲೀಗಿನಿಂದ ಲೀಗಿಗೆ ಬೇರೆಯಾಗಬಹುದು. ಅಮೆರಿಕದಲ್ಲಿ 8 ವರ್ಷದೊಳಗಿನವರಿಗೆ ಕೀಪರ್ ಇಲ್ಲದೆ ತಲಾ 4, 10ರೊಳಗೆ ತಲಾ 7, 12ರೊಳಗೆ ತಲಾ 9, ಅನಂತರವೇ 11. ನಿಮ್ಮ ಲೀಗಿನ ನಿಯಮಪುಸ್ತಕ ಓದಿಕೊಳ್ಳಿ.

ಎಲ್ಲರನ್ನೂ ಸಮನಾಗಿ ಆಡಿಸುವ ಪಟ್ಟಿಯನ್ನು ಮನೆಯಲ್ಲೇ ಬರೆಯಿರಿ. ತಲಾ 7 ಮಂದಿಯ ಪಂದ್ಯ, 25 ನಿಮಿಷದ ಎರಡು ಅರ್ಧ, ನಿಮ್ಮಲ್ಲಿ 10 ಮಕ್ಕಳು ಎಂದರೆ ಒಟ್ಟು 350 ನಿಮಿಷದ ಆಟ, ತಲೆಗೆ 35. ಪಂದ್ಯವನ್ನು 5 ನಿಮಿಷದ ಹತ್ತು ತುಂಡು ಮಾಡಿ. ಪ್ರತಿ ತುಂಡಿಗೆ ಮೂವರು ಹೊರಗೆ, ಪ್ರತಿ ಮಗುವಿಗೂ ಮೂರೇ ಸಲ. ಅರ್ಧಕ್ಕೊಬ್ಬ ಕೀಪರ್ ಇದ್ದರೆ ಆ ಮಗು ಹೊರಗೆ ಕೂರುವ ಮೂರೂ ಸಲ ಇನ್ನೊಂದು ಅರ್ಧದಲ್ಲಿ ಬರಲಿ. ಬರೆದಿಡದಿದ್ದರೆ ಏನಾಗುತ್ತದೆಂದರೆ, ಸ್ಕೋರ್ ಸಮವಾದ ಗಳಿಗೆಯಲ್ಲಿ ಜೋರಾಗಿ ಓಡುವ ಮಕ್ಕಳೇ ಒಳಗೆ ಉಳಿಯುತ್ತಾರೆ, ಪ್ರತಿ ವಾರ ಅದೇ ಮೂವರು ಬೆಂಚಿನಲ್ಲಿ ಕೂರುತ್ತಾರೆ. ಒಂದೇ ವಯೋಗುಂಪಿನಲ್ಲಿ ಮೊದಲ ತಿಂಗಳಲ್ಲಿ ಹುಟ್ಟಿದ ಮಗು ಕೊನೆಯ ತಿಂಗಳಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚೂಕಡಿಮೆ ಒಂದು ವರ್ಷ ದೊಡ್ಡದು. ನೀವು ಪ್ರತಿಭೆ ಎಂದುಕೊಂಡದ್ದು ಎಷ್ಟೋ ಸಲ ಆ ತಿಂಗಳುಗಳ ವ್ಯತ್ಯಾಸ.

ಥ್ರೋ-ಇನ್‌ನಲ್ಲಿ ಪದೇಪದೇ ಆಗುವ ತಪ್ಪು ಹಿಂದಿನ ಕಾಲು ಮೇಲೇಳುವುದು. ಆ ಕಾಲಿನ ಬೆರಳನ್ನು ನೆಲಕ್ಕೆ ಸವರುತ್ತಾ ಎಸೆಯಲು ಹೇಳಿಕೊಡಿ, ಐದು ನಿಮಿಷದಲ್ಲಿ ಸರಿಹೋಗುತ್ತದೆ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್ ಕಿಕ್‌ನಿಂದ ನೇರವಾಗಿ ಚೆಂಡು ಪಡೆದವರಿಗೆ ಆಫ್‌ಸೈಡ್ (ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲಿಗೆ ಹತ್ತಿರ ನಿಂತು ಪಾಸ್ ಪಡೆಯುವ ತಪ್ಪು) ಇಲ್ಲ. ಇದು ಗೊತ್ತಿದ್ದರೆ ರೆಫರಿಯ ಮೇಲೆ ಅರ್ಧ ಕೂಗಾಟ ತಪ್ಪುತ್ತದೆ.

ಆಟ ನಿಲ್ಲಿಸಲೇಬೇಕಾದಾಗ

ತಲೆಗೆ ಪೆಟ್ಟು ಬಿದ್ದ ಮಗು ತಬ್ಬಿಬ್ಬಾದರೆ, ತಲೆನೋವು, ವಾಕರಿಕೆ, ಮಂಪರು ಎಂದರೆ ಕೂಡಲೇ ಹೊರಗೆ ಕರೆತನ್ನಿ. ‘ಈಗ ಸರಿಯಾಗಿದ್ದೇನೆ’ ಎಂದರೂ ಆ ದಿನ ಮತ್ತೆ ಇಳಿಸಬೇಡಿ, ವೈದ್ಯರು ಒಪ್ಪಿದ ಮೇಲೆಯೇ ಹಂತಹಂತವಾಗಿ ಆಡಿಸಿ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಕುತ್ತಿಗೆ ನೋಯುತ್ತಿದ್ದರೆ ಅಲ್ಲಾಡಿಸದೆ ಆಂಬುಲೆನ್ಸ್ ಕರೆಸಿ. ತಲೆಯಿಂದ ಚೆಂಡು ಹೊಡೆಯುವುದಕ್ಕೂ ಮಿತಿ ಬೇಕು. ಅಮೆರಿಕದಲ್ಲಿ 2016ರಿಂದ 10 ವರ್ಷದವರೆಗೆ ಹೆಡಿಂಗ್ ನಿಷಿದ್ಧ, 11ರಿಂದ 13ರವರೆಗೆ ಅಭ್ಯಾಸದಲ್ಲಿ ಮಿತಿ ಇದೆ. ನಿಮ್ಮಲ್ಲಿ ನಿಯಮ ಇಲ್ಲದಿದ್ದರೂ ಇದನ್ನೇ ಪಾಲಿಸಿ ಎಂಬುದು ನಮ್ಮ ಸಲಹೆ.

ಗುಡುಗು ಕೇಳಿಸಿದರೆ ಎಲ್ಲರೂ ಕಟ್ಟಡದ ಒಳಗೋ ಮುಚ್ಚಿದ ವಾಹನದೊಳಗೋ ಹೋಗಬೇಕು, ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ಅಥವಾ ಮಂಡಿಚಿಪ್ಪಿನ ಕೆಳಗೆ ನೋವು ಎನ್ನುವವರನ್ನು ‘ಸೋಮಾರಿ’ ಎನ್ನಬೇಡಿ. ಸ್ನಾಯುರಜ್ಜು ಎಳೆಯುವ ಜಾಗದಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಓಟ, ಜಿಗಿತ ಕಡಿಮೆ ಮಾಡಿ, ನೋವು ಇಳಿಯದಿದ್ದರೆ ವೈದ್ಯರಿಗೆ ತೋರಿಸಲು ಪೋಷಕರಿಗೆ ಹೇಳಿ.

ಪೋಷಕರ ಜೊತೆ

ಸೀಸನ್ ಶುರುವಾಗುವ ಮುಂಚೆ ಅರ್ಧ ಗಂಟೆ ಎಲ್ಲರನ್ನೂ ಕೂರಿಸಿ ಮಾತಾಡಿ. ಆಟದ ಸಮಯ ಸಮನಾಗಿ ಹಂಚುತ್ತೀರಿ ಎಂದು ತಿಳಿಸಿ, ಪಟ್ಟಿಯನ್ನೇ ತೋರಿಸಿ. ಹುರಿದುಂಬಿಸಲಿ, ಆದರೆ ‘ಹೊಡಿ’, ‘ಪಾಸ್ ಮಾಡು’ ಎಂಬ ಸೂಚನೆ ಬೇಡ. ಎರಡು ಕಡೆಯಿಂದ ಎರಡು ಮಾತು ಕೇಳಿದ ಮಗು ಚೆಂಡು ಬಿಟ್ಟು ಅಂಚಿನ ಕಡೆ ತಿರುಗಿ ನೋಡುತ್ತದೆ. ದೂರು ಇದ್ದರೆ ಪಂದ್ಯ ಮುಗಿದು 24 ಗಂಟೆ ಕಳೆದ ಮೇಲೆ ಮಾತಾಡೋಣ ಎಂದು ಮೊದಲೇ ಒಪ್ಪಿಸಿಕೊಳ್ಳಿ.

ಪಂದ್ಯ ಮುಗಿದ ಕೂಡಲೇ ತಪ್ಪು ಎಣಿಸಲು ಕೂರಬೇಡಿ. ಎದುರಾಳಿಗೂ ರೆಫರಿಗೂ ಕೈಕುಲುಕಿಸಿ, ಮುಂದಿನ ಅಭ್ಯಾಸದ ಸಮಯ ಹೇಳಿ ಕಳಿಸಿ. ಕೊನೆಯ ಮಗುವನ್ನು ಮನೆಯವರು ಕರೆದೊಯ್ಯುವವರೆಗೆ ದೊಡ್ಡವರಿಬ್ಬರೂ ಅಲ್ಲೇ ಇರಬೇಕು. ಆಮೇಲೆ ಪಟ್ಟಿಯ ಹಿಂಬದಿಯಲ್ಲಿ ಬರೆದಿಡಿ: ಯಾರಿಗೆ ಎಷ್ಟು ನಿಮಿಷ ಸಿಕ್ಕಿತು, ಯಾರಿಗೆ ನೋವಾಯಿತು, ಚೆಂಡು ಹೆಚ್ಚಾಗಿ ಕೈತಪ್ಪಿದ್ದು ಎಲ್ಲಿ. ಮುಂದಿನ ಅಭ್ಯಾಸದ ಆ 25 ನಿಮಿಷಕ್ಕೆ ಯಾವ ವಿಷಯ ಎಂಬುದು ಈ ಮೂರನೇ ಸಾಲಿನಿಂದಲೇ ಗೊತ್ತಾಗುತ್ತದೆ.