ಗಾಡಿ ಹೊರಡುವ ಮೊದಲೇ ಊಟ ತೀರ್ಮಾನವಾಗಲಿ

ನಮ್ಮ ಯಜಮಾನರು ಮೂವತ್ತು ವರ್ಷಕ್ಕೂ ಮೇಲೆ ಲಾರಿ ಓಡಿಸಿದರು, ಈಗ ಮಗ ಓಡಿಸುತ್ತಿದ್ದಾನೆ. ಇಷ್ಟು ವರ್ಷ ಊಟದ ಚೀಲ ಕಟ್ಟಿದವಳು ನಾನು, ವಾಪಸು ಬಂದ ಡಬ್ಬಿ ತೊಳೆದವಳೂ ನಾನೇ. ತೊಳೆಯುವಾಗ ಡಬ್ಬಿ ಬಹಳ ವಿಷಯ ಹೇಳುತ್ತದೆ. ಮುಚ್ಚಳವನ್ನೇ ತೆಗೆಯದೆ ಬಂದಿದ್ದರೆ ಅದರೊಳಗಿನ ಅಡುಗೆ ಕೆಟ್ಟದ್ದಲ್ಲ, ಅದು ಆ ಹೊತ್ತಿಗೆ ಸರಿಹೋಗಲಿಲ್ಲ ಅಂತ. ಸೋರುವ ಸಾರು, ಕತ್ತರಿಸಿಕೊಂಡೇ ತಿನ್ನಬೇಕಾದ ಹಣ್ಣು, ಗಟ್ಟಿ ಮುಚ್ಚಳದ ದೊಡ್ಡ ಡಬ್ಬಿ ಇವೆಲ್ಲ ಮುಟ್ಟದೆ ಮನೆಗೆ ಬರುತ್ತವೆ. ಒಂದು ಹೊತ್ತಿಗೆ ಒಂದು ಚಿಕ್ಕ ಡಬ್ಬಿ, ತೆರೆದರೆ ನೇರ ಬಾಯಿಗೆ, ಹೀಗೆ ಕಟ್ಟಲು ಶುರು ಮಾಡಿದ ಮೇಲೆ ಖಾಲಿ ಡಬ್ಬಿಗಳು ಬರತೊಡಗಿದವು.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಒಂದು ತಿಂಗಳು ಬಾಯಿಗೆ ಹೋದದ್ದನ್ನೆಲ್ಲ ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ಒಂದು ಲೋಟ ಚಹಾ, ಒಂದು ಬಾಟಲಿ ನೀರು ಕೂಡ ಬಿಡಬೇಡಿ. ನಮ್ಮ ಮನೆಯ ಲೆಕ್ಕದಲ್ಲಿ ಎರಡು ಊಟಕ್ಕೆ ಖರ್ಚಾದದ್ದಕ್ಕಿಂತ ಆ ಎರಡು ಊಟದ ನಡುವೆ ಖರ್ಚಾದದ್ದೇ ಜಾಸ್ತಿ ಇತ್ತು. ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ, ಬಾಟಲಿ ನೀರು. ಇವು ಹಸಿವಿಗೆ ಕೊಂಡದ್ದಲ್ಲ, ಡೀಸೆಲ್ ಹಾಕಿಸಲು ನಿಂತಾಗ ಕಣ್ಣಿಗೆ ಬಿದ್ದವು, ಕೈ ಹೋಯಿತು. ಆದ್ದರಿಂದ ಊಟ ಕಟ್ಟುವುದಕ್ಕಿಂತ ಮೊದಲು ನಡುವಿನ ತಿನಿಸು ಕಟ್ಟಿ. ಹುರಿದ ಕಡಲೆಕಾಯಿ, ಹುರಿಗಡಲೆ, ಒಣದ್ರಾಕ್ಷಿ, ಬಾಳೆಹಣ್ಣು, ಸಿಪ್ಪೆ ತೆಗೆದಿಟ್ಟ ಕ್ಯಾರೆಟ್. ಹತ್ತು ಲೀಟರಿನ ಒಂದು ನೀರಿನ ಕ್ಯಾನು ಗಾಡಿಯಲ್ಲೇ ಇರಲಿ. ಈ ಎರಡರಲ್ಲೇ ಅರ್ಧ ಉಳಿತಾಯ ಬಂತು ನಮಗೆ.

ಮೂರು ದಿನದ ಓಟ ಅಂದರೆ ಬೇಗ ಕೆಡುವುದು ಮೊದಲ ದಿನಕ್ಕೆ, ತಡೆದುಕೊಳ್ಳುವುದು ಕೊನೆಗೆ. ಮನೆಯ ಅಡುಗೆ ಮೊದಲ ದಿನ. ಎರಡನೇ ದಿನಕ್ಕೆ ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ, ಮೊಸರು, ಸೌತೆಕಾಯಿ, ಇವು ಐಸಿಟ್ಟ ತಂಪು ಪೆಟ್ಟಿಗೆಯಲ್ಲೇ ಇರಬೇಕು. ಮೂರನೇ ದಿನಕ್ಕೆ ಓಟ್ಸ್, ಡಬ್ಬಿಯಲ್ಲಿ ಬರುವ ಕಾಳು ಅಥವಾ ಮೀನು, ಸೇಬು.

ಕೆಡುವ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು, ಕಾರಣ ಇದೆ. ಒಮ್ಮೆ ರಾತ್ರಿಯ ಅನ್ನವನ್ನು ಬೆಳಿಗ್ಗೆ ಡಬ್ಬಿಗೆ ಹಾಕಿ ಕಳಿಸಿದೆ. ಅದು ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಗಾಜಿನ ಕೆಳಗೆ ಕೂತಿತ್ತು. ತಿಂದ ಕೆಲವೇ ಗಂಟೆಗೆ ವಾಂತಿ ಶುರುವಾಗಿ ಅವರು ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಿ ಇಡೀ ರಾತ್ರಿ ಅಲ್ಲೇ ಮಲಗಿದರು. ತಪ್ಪು ನನ್ನದೇ. ಅಡುಗೆಯಲ್ಲಿ ಕ್ರಿಮಿ ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೇಯಿಸಿದ್ದು ಆ ನಡುವಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮುಚ್ಚಿದ ಕ್ಯಾಬಿನ್ ಬಿಸಿಲಲ್ಲಿ ಹೊರಗಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಕ್ರಿಮಿ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದಕ್ಕೇ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಗಂಟೆಯೊಳಗೆ ಫ್ರಿಜ್ಜಿಗೆ ಇಡಿ, ಅಲ್ಲಿಂದ ನೇರ ತಂಪು ಪೆಟ್ಟಿಗೆಗೆ.

ತಂಪು ಪೆಟ್ಟಿಗೆಗೆ ಐಸಿನ ಚೂರು ಕೊಳ್ಳಬೇಡಿ. ಕುಡಿಯುವ ನೀರನ್ನೇ ಬಾಟಲಿಯಲ್ಲಿ ತುಂಬಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ಹಿಂದಿನ ದಿನವೇ ಹೆಪ್ಪುಗಟ್ಟಿಸಿ. ದೊಡ್ಡ ಗಡ್ಡೆ ಚೂರಿಗಿಂತ ನಿಧಾನ ಕರಗುತ್ತದೆ, ಕರಗಿದ ಮೇಲೆ ಕುಡಿಯಲೂ ಆಯಿತು. ಗಾಡಿಯ ಚಿಕ್ಕ ಫ್ರಿಜ್ ಕೊಳ್ಳುವುದಾದರೆ ಬ್ಯಾಟರಿ ಇಳಿದಾಗ ತಾನೇ ನಿಲ್ಲುವ ವ್ಯವಸ್ಥೆ ಇದೆಯಾ ನೋಡಿ, ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಏಳುವುದಿಲ್ಲ. ನಿಮ್ಮ ಗಾಡಿಯದು 12 ವೋಲ್ಟೋ 24 ವೋಲ್ಟೋ ಅನ್ನುವುದನ್ನೂ ಕೇಳಿಕೊಂಡೇ ಕೊಳ್ಳಿ.

ಇನ್ನು ಫ್ಲಾಸ್ಕ್. ನನ್ನನ್ನು ಕೇಳಿದರೆ ಡ್ರೈವರ್ ಮನೆಯವರು ಮೊದಲು ಕೊಳ್ಳಬೇಕಾದದ್ದು ಅಗಲ ಬಾಯಿಯ ಒಳ್ಳೆಯ ಸ್ಟೀಲ್ ಫ್ಲಾಸ್ಕ್, ಮುಕ್ಕಾಲು ಲೀಟರಿನದು. ಅದು ಬರೀ ಬಿಸಿ ಕಾಯುವ ಪಾತ್ರೆಯಲ್ಲ, ಅದರಲ್ಲೇ ಅಡುಗೆಯೂ ಆಗುತ್ತದೆ. ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಟ್ಟು ಚೆಲ್ಲಿ. ಈ ಕೆಲಸ ಬಿಟ್ಟರೆ ಉಕ್ಕಿನ ಗೋಡೆಯೇ ಒಂದಿಷ್ಟು ಶಾಖ ಕುಡಿದುಬಿಡುತ್ತದೆ. ಸಿಪ್ಪೆ ಇಲ್ಲದ ಕೆಂಪು ಮಸೂರ್ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಚೂರು ಮಾಡಿದ ಟೊಮೆಟೊ, ಅರಿಸಿನ, ಉಪ್ಪಿನ ಜೊತೆ ಒಲೆಯ ಮೇಲೆ ಐದು ನಿಮಿಷ ಚೆನ್ನಾಗಿ ಕುದಿಸಿ, ಕುದಿಯುತ್ತಿರುವಾಗಲೇ ಫ್ಲಾಸ್ಕಿಗೆ ಕತ್ತಿನವರೆಗೆ ಸುರಿದು ತಿರುಪಿ, ಟವೆಲ್ಲಿನಲ್ಲಿ ಸುತ್ತಿಡಿ. ಮೂರು ಗಂಟೆ ಕಳೆದು ತೆರೆದರೆ ಬೇಳೆ ಬೆರಳಲ್ಲಿ ಒತ್ತಿದರೆ ಕರಗುವ ಹಾಗಿರುತ್ತದೆ, ಕೈ ಸುಡುವಷ್ಟು ಹಬೆ ಇರುತ್ತದೆ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ, ಕತ್ತಿನವರೆಗೆ ಅಂದದ್ದು ಅದಕ್ಕೇ. ಐದಾರು ಗಂಟೆಯೊಳಗೆ ತಿಂದು ಮುಗಿಸಬೇಕು. ಓಟ್ಸ್ ಅಥವಾ ಗೋಧಿ ನುಚ್ಚೂ ಹೀಗೇ ಆಗುತ್ತದೆ. ಆದರೆ ರಾಜ್ಮಾ ಮಾತ್ರ ಫ್ಲಾಸ್ಕಿನಲ್ಲಿ ಎಂದೂ ಬೇಯಿಸಬೇಡಿ. ಅದರಲ್ಲಿ ಇರುವ ವಿಷದ ಅಂಶ ಹೋಗಲು ನೆನೆಸಿ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಯಬೇಕು. ಅರೆಬೆಂದ ರಾಜ್ಮಾ ನಾಲ್ಕೈದು ಕಾಳು ತಿಂದರೂ ವಾಂತಿಯಾಗುತ್ತದೆ. ಮನೆಯಲ್ಲಿ ಪೂರ್ತಿ ಬೇಯಿಸಿಯೇ ಕಳಿಸಿ.

ಮುಚ್ಚಿದ ಕ್ಯಾಬಿನ್ನಿನಲ್ಲಿ ಗ್ಯಾಸ್ ಒಲೆ, ಇದ್ದಿಲು, ಯಾವುದನ್ನೂ ಹೊತ್ತಿಸಬೇಡಿ. ಕಿಟಕಿ ಒಂದಿಷ್ಟು ಇಳಿಸಿದ್ದೇನೆ ಅನ್ನುವ ಧೈರ್ಯ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ. ಒಲೆ ಹಚ್ಚಲೇಬೇಕಾದರೆ ಕೆಳಗಿಳಿದು ಬಯಲಲ್ಲಿ ಹಚ್ಚಿ.

ಮಧ್ಯಾಹ್ನ ಹೊಟ್ಟೆ ಬಿರಿಯೆ ತಿಂದು ಸ್ಟೇರಿಂಗ್ ಹಿಡಿಯಬಾರದು. ಎರಡರಿಂದ ನಾಲ್ಕರ ತನಕ ಮೈ ತಾನಾಗಿಯೇ ತೂಕಡಿಸುವ ಹೊತ್ತು, ಮೇಲೆ ಭಾರಿ ಊಟ ಸೇರಿದರೆ ಕಣ್ಣು ಎಳೆಯುತ್ತದೆ. ಡಬ್ಬಿ ಚಿಕ್ಕದು ಮಾಡಿದ್ದರ ಇನ್ನೊಂದು ಲಾಭ ಇದು, ಅರ್ಧ ಊಟ ಮಧ್ಯಾಹ್ನ ಒಂದಕ್ಕೆ, ಇನ್ನರ್ಧ ನಾಲ್ಕೂವರೆಗೆ. ಕಾಫಿಯ ಶಕ್ತಿ ಐದು ಗಂಟೆ ಕಳೆದರೂ ಹತ್ತಿರ ಹತ್ತಿರ ಅರ್ಧ ಮೈಯಲ್ಲೇ ಉಳಿದಿರುತ್ತದೆ, ಹಾಗಾಗಿ ಮಲಗುವ ಆರು ಗಂಟೆ ಮೊದಲೇ ಕೊನೆಯ ಲೋಟ. 330 ಮಿಲಿಯ ಒಂದು ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಏಳೆಂಟು ಚಮಚ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 50 ಗ್ರಾಂ ಮೀರಬೇಡಿ, 25ರೊಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ನಿಲ್ಲಿಸಬೇಕಾಗುತ್ತದೆ ಅಂತ ನೀರು ಕುಡಿಯದೆ ಇರುವ ಡ್ರೈವರುಗಳು ಎಷ್ಟೋ ಮಂದಿ. ಮೂತ್ರಪಿಂಡದ ಕಲ್ಲು, ಮಲಬದ್ಧತೆ, ಮೂಲವ್ಯಾಧಿ ಹೀಗೇ ಶುರುವಾಗುವುದು. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಷ್ಟು ಹೋಗಿದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಒಂದು ಹೊತ್ತೂ ಊಟ ತಪ್ಪಿಸಬಾರದು. ಮೈಯಲ್ಲಿ ಸಕ್ಕರೆ ಇಳಿದು ಬೆವರು, ನಡುಕ ಬಂತೋ, ಮೊದಲು ಗಾಡಿ ಬದಿಗೆ, ಆಮೇಲೆ ಮೂರ್ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯುವುದು. ನಡುಕ ನಿಂತಿತು ಅಂತ ತಕ್ಷಣ ಹೊರಡಬೇಡಿ, ಮುಕ್ಕಾಲು ಗಂಟೆಯಾದರೂ ಕೂತಿರಿ.

ಹೊರಗೆ ತಿನ್ನಲೇಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ದಿನಕ್ಕೆ ಒಂದು ಬಿಸಿ ಊಟ ಹೋಟೆಲಿನಲ್ಲಿ ಆಗಲಿ. ಇಡೀ ದಿನ ಒಬ್ಬರೇ ಕೂತವರಿಗೆ ಎದುರಿಗೆ ಇನ್ನೊಬ್ಬ ಮನುಷ್ಯ ಕೂತು ಉಣ್ಣುವುದು ಅನ್ನದಷ್ಟೇ ಮುಖ್ಯ ಅಂತ ಯಜಮಾನರು ಹೇಳುತ್ತಿದ್ದರು, ಅದು ನಿಜ. ಜನ ತುಂಬಿರುವ, ಪಾತ್ರೆ ಬೇಗ ಖಾಲಿಯಾಗುವ ಜಾಗ ಆರಿಸಿ, ಕರಿದದ್ದಕ್ಕಿಂತ ಬೇಯಿಸಿದ್ದು ಕೇಳಿ, ಪಾನೀಯದ ಬದಲು ನಿಮ್ಮದೇ ನೀರು ಕುಡಿಯಿರಿ.

ಕೊನೆಗೆ ಸೀಟಿನ ಹಿಂದೆ ಒಂದು ಡಬ್ಬಿ ಯಾವಾಗಲೂ ಇರಲಿ, ರಸ್ತೆ ಮುಚ್ಚಿ ಅರ್ಧ ದಿನ ನಿಂತಾಗ ಬೇಕಾಗುತ್ತದೆ. ಓಟ್ಸ್, ಕಡಲೆಕಾಯಿ, ಖರ್ಜೂರ, ಮುಚ್ಚಳದ ಉಂಗುರ ಎಳೆದು ತೆರೆಯುವ ಎರಡು ಕ್ಯಾನು ಕಾಳು ಅಥವಾ ಮೀನು, ಒಂದು ಚಮಚ. ತಿಂಗಳಿಗೊಮ್ಮೆ ಅದನ್ನು ಇಳಿಸಿ ನೋಡಬೇಕು. ಹೋದ ಸಲ ಮಗನ ಗಾಡಿಯದ್ದು ತೆರೆದಾಗ ಕಡಲೆಕಾಯಿ ಸೆಕೆಗೆ ಕಮಟು ವಾಸನೆ ಹಿಡಿದಿತ್ತು. ಅದನ್ನು ಎಸೆದು ಹೊಸದಾಗಿ ಹುರಿದು, ಪೂರ್ತಿ ಆರಿದ ಮೇಲೆ ತುಂಬಿ, ಮುಚ್ಚಳದ ಮೇಲೆ ತಾರೀಖು ಬರೆದು ಕೊಟ್ಟೆ.