ಪದ್ಮಿನಿಗೆ ಜಿಪ್ಸಿ ಎಂಜಿನ್: ಹಳೆಯ ಆಕ್ಸಲ್ ಉಳಿಸಿಕೊಂಡು ಶಾಫ್ಟ್ ಹೊಂದಿಸಿದ ಬಗೆ

ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ತೆಗೆದು ಮಾರುತಿ ಜಿಪ್ಸಿಯ 1298 ಸಿಸಿ ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ) ಎಂಜಿನ್ ಕೂರಿಸಲು ಹೊರಟವರು ಮೊದಲು ಕೇಳುವುದು, "ಹಿಂದಿನ ಆಕ್ಸಲ್ ತಡೆದೀತಾ?" ಎಂದು. ಹಿಂದಿನ ಚಕ್ರಗಳನ್ನು ತಿರುಗಿಸುವ ಈ ಅಚ್ಚು ಸುಸ್ಥಿತಿಯಲ್ಲಿದ್ದರೆ ತಡೆಯುತ್ತದೆ, ಕ್ಲಚ್ ಒಮ್ಮೆಲೇ ಬಿಟ್ಟು ಚಕ್ರ ತಿರುಗಿಸುವ ಚಟ ಇಲ್ಲದಿದ್ದರೆ. ನಾನು ಅದನ್ನೇ ಇಟ್ಟುಕೊಂಡೆ. ಹೆಚ್ಚಿನ ಗಾಡಿಗಳಲ್ಲಿ ಕೆಲಸ ಕೆಡುವುದು ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನದಲ್ಲಿ.

ಒಂದು ಮಾತು ಮೊದಲೇ: ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಮುಂಚಿತವಾಗಿ ಬೇಕು. ಮಂಗಳೂರಾಗಲಿ ಉಡುಪಿಯಾಗಲಿ, ಎಂಜಿನ್ ಕೊಳ್ಳುವ ಮೊದಲೇ ವಿಚಾರಿಸಿ.

ಆಕ್ಸಲ್ ಆರಿಸುವಾಗ ಲೆಕ್ಕ ಹಾಕಿಯೇ ಆರಿಸಬೇಕು. ನನ್ನ ಆಕ್ಸಲಿನಲ್ಲಿ ಪಿನಿಯನ್‌ಗೆ (ಶಾಫ್ಟ್ ತಿರುಗಿಸುವ ಚಿಕ್ಕ ಹಲ್ಲುಚಕ್ರ) 10 ಹಲ್ಲು, ಅದು ತಿರುಗಿಸುವ ದೊಡ್ಡ ಕ್ರೌನ್ ವೀಲಿಗೆ 43, ಅಂದರೆ ಅನುಪಾತ 4.3. ಟೈರನ್ನು ನೆಲದಲ್ಲಿ ಒಂದು ಸುತ್ತು ಉರುಳಿಸಿ ಅಳೆದಾಗ 1.92 ಮೀಟರ್. ಜಿಪ್ಸಿ ಬಾಕ್ಸಿನ ನಾಲ್ಕನೇ ಗೇರ್ ನೇರ (ಅನುಪಾತ 1), ಐದನೆಯದು 0.795. ಹಾಗಾಗಿ 80 ಕಿ.ಮೀ. ವೇಗದಲ್ಲಿ ನಾಲ್ಕರಲ್ಲಿ ಸುಮಾರು 2,990 ಆರ್‌ಪಿಎಂ, ಐದರಲ್ಲಿ 2,370. ನೂರರಲ್ಲಿ ಐದನೇ ಗೇರಿಗೆ 2,970. ಈ ಎಂಜಿನ್ ಗಟ್ಟಿಯಾಗಿ ಎಳೆಯುವುದು ಇದಕ್ಕಿಂತ ಮೇಲೆ. ಇನ್ನೂ ಕಡಿಮೆ ಅನುಪಾತದ 3.9 ಆಕ್ಸಲ್ ಹಾಕಿದರೆ 80ರಲ್ಲಿ ಐದನೇ ಗೇರ್ 2,150ಕ್ಕೆ ಇಳಿದು, ಹೆದ್ದಾರಿಯ ಪ್ರತಿ ಫ್ಲೈಓವರಿಗೂ ಗೇರ್ ಇಳಿಸುವ ಕೆಲಸ. ಒಂದನೇ ಗೇರ್ 3.652 ಇರುವುದರಿಂದ ಆಗುಂಬೆಯ 14 ತಿರುವುಗಳಲ್ಲಿ ನಾಲ್ಕು ಜನ ಕೂತಿದ್ದರೂ ಕ್ಲಚ್ ಸುಡಬೇಕಾಗಿಲ್ಲ.

ಬೇರೆ ಆಕ್ಸಲ್‌ಗಳನ್ನು ಬಿಟ್ಟದ್ದಕ್ಕೆ ಕಾರಣ ಸರಳ. ಜಿಪ್ಸಿಯದ್ದು ಅಗಲ, ಐದು ಬೋಲ್ಟಿನ ಚಕ್ರ. ಪ್ರೀಮಿಯರ್ 118 ಎನ್‌ಇ ಕಾರಿನದ್ದೂ ಅಗಲವೇ, ಅದಕ್ಕೆ ಕಾಯಿಲ್ ಸ್ಪ್ರಿಂಗ್ ಬೇರೆ. ಪದ್ಮಿನಿಗೆ ಹಾಕಿದರೆ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ. ಓಮ್ನಿಯ ಪಿನಿಯನ್ 796 ಸಿಸಿ ಎಂಜಿನ್‌ಗೆಂದು ಮಾಡಿದ್ದು, ಇಲ್ಲಿಗೆ ಒಗ್ಗದು.

ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ, ನಡುವೆ ಗಿಡ್ಡ ಶಾಫ್ಟ್ ಉಂಟು. ಟ್ರಾನ್ಸ್‌ಫರ್ ಕೇಸ್ ಬಿಟ್ಟರೆ ಬಾಕ್ಸಿನಿಂದ ನೇರವಾಗಿ ಹಿಂದಕ್ಕೆ ಶಾಫ್ಟ್ ಕೊಡಬಹುದು. ಆದರೆ ಸ್ಪೀಡೋಮೀಟರ್ ಕೇಬಲ್ ಬರುವುದು ಆ ಟ್ರಾನ್ಸ್‌ಫರ್ ಕೇಸಿನಿಂದಲೇ! ಪಿನಿಯನ್ ಫ್ಲ್ಯಾಂಜಿನ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆ) ಹತ್ತಿರ ಸೆನ್ಸರ್ ಕೂರಿಸಿ, ಇಲ್ಲವೇ ಜಿಪಿಎಸ್ ಮೀಟರ್ ಹಾಕಿ.

ಪದ್ಮಿನಿಯ ಶಾಫ್ಟ್ ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್. ಹಿಂದಿನ ತುಂಡನ್ನು ಉಳಿಸಿಕೊಂಡು, ಹೊಸ ಯು.ಜೆ. (ಯೂನಿವರ್ಸಲ್ ಜಾಯಿಂಟ್, ಶಾಫ್ಟ್ ಓರೆಯಾಗಿಯೂ ತಿರುಗಲು ಬಿಡುವ ಕೀಲು) ಕ್ರಾಸ್ ಹಾಕಿ, ಮುಂದಿನದನ್ನು ಮಾತ್ರ ಹೊಸದಾಗಿ ಮಾಡಿಸಿದೆ. ಅಳತೆ ತೆಗೆಯುವಾಗ ಗಾಡಿಯ ಭಾರ ಚಕ್ರದ ಮೇಲೆಯೇ ಇರಬೇಕು. ಜಾಕಿಯಲ್ಲಿ ಎತ್ತಿದರೆ ಲೀಫ್ ಸ್ಪ್ರಿಂಗ್ ಜೋತು ಅಳತೆ ತಪ್ಪುತ್ತದೆ. ಶಾಫ್ಟಿನ ಉದ್ದ ಹೊಂದಿಕೊಳ್ಳಲು ಒಳಹೊರಗೆ ಜಾರುವ ಸ್ಲಿಪ್ ಜಾಯಿಂಟ್ ಪೂರ್ತಿ ಒಳಹೋದ ಜಾಗದಿಂದ 20–25 ಮಿ.ಮೀ. ಹೊರಗಿರಲಿ, ಜಾಗ ಸಾಲದೆ ತಳ ತಾಗಿದರೆ ಪೆಟ್ಟು ಗೇರ್‌ಬಾಕ್ಸಿನ ಬೇರಿಂಗಿಗೆ.

ಬೈಕಂಪಾಡಿ, ಮಣಿಪಾಲದ ಕಡೆ ಲೇತಿನವರು ಪೈಪ್ ಕತ್ತರಿಸಿ ಯೋಕ್ (ಕ್ರಾಸ್ ಹಿಡಿಯುವ ಕವಲು) ಕೂರಿಸಿಕೊಡುತ್ತಾರೆ. ಸುತ್ತಲೂ ನಾಲ್ಕು ಕಡೆ ಟ್ಯಾಕ್ (ಚುಕ್ಕಿ ವೆಲ್ಡ್) ಹೊಡೆದ ಕೂಡಲೇ ಲೇತಿನಲ್ಲಿ ತಿರುಗಿಸಿ, ಪೈಪಿನ ನಡುವೆ ಡಯಲ್ ಗೇಜ್ ಇಟ್ಟು ನೋಡಬೇಕು. ಓಲಾಟ 0.5 ಮಿ.ಮೀ. ಮೀರಿದರೆ ಉಬ್ಬಿದ ಬದಿಗೆ ಸೀಮೆಸುಣ್ಣದ ಗುರುತು ಹಾಕಿ, ತಟ್ಟಿ ಸರಿಮಾಡಿದ ಮೇಲೆಯೇ ಪೂರ್ತಿ ವೆಲ್ಡ್. ಹಿಂದಿನ ತುಂಡಿನ ಎರಡೂ ತುದಿಯ ಯೋಕ್‌ಗಳು ಒಂದೇ ನೇರಕ್ಕಿವೆಯೇ ನೋಡಿಕೊಳ್ಳಿ. ಬಳಿಕ ಡೈನಾಮಿಕ್ ಬ್ಯಾಲೆನ್ಸಿಂಗ್ (ತಿರುಗಿಸಿ ನೋಡಿ ತೂಕ ಸಮ ಮಾಡುವುದು) ಮಾಡಿಸದೆ ಗಾಡಿಗೆ ಕಟ್ಟಬೇಡಿ.

ಇನ್ನು ಕೋನ. ನನ್ನ ಗಾಡಿಯಲ್ಲಿ ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ತಗ್ಗಿದೆ. ಓಡುವಾಗ ಪಿನಿಯನ್ ಅದಕ್ಕೆ ಸಮಾನಾಂತರವಾಗಬೇಕು, ಅಂದರೆ ಮೂತಿ 3 ಡಿಗ್ರಿ ಮೇಲಕ್ಕೆ. ಆದರೆ ಎಂಜಿನ್ ಎಳೆಯುವಾಗ ಲೀಫ್ ಸ್ಪ್ರಿಂಗ್ ತಿರುಚಿ ಮೂತಿ ತಾನಾಗಿ ಮೇಲೇಳುತ್ತದೆ. ಅದಕ್ಕೇ ನಿಂತ ಗಾಡಿಯಲ್ಲಿ 1.5 ಡಿಗ್ರಿಗೆ ಇಟ್ಟೆ. ಸೆಂಟರ್ ಬೇರಿಂಗನ್ನು ಶಿಮ್ (ಸಂದಿಗೆ ಕೊಡುವ ತಗಡು) ಕೊಟ್ಟು ಏರಿಸಿ ಇಳಿಸಿ, ಮುಂದಿನ ಜಾಯಿಂಟಿಗೆ ಸುಮಾರು ಒಂದು ಡಿಗ್ರಿ ಉಳಿಸಿದೆ. ಸೊನ್ನೆ ಮಾಡಿದರೆ ಸೂಜಿ ಬೇರಿಂಗ್ ಹೊರಳದೆ ಒಂದೇ ಕಡೆ ಕುಳಿ ಬೀಳುತ್ತದೆ. ಆಕ್ಸಲ್ ಅಡಿಗೆ ಕೊಡುವ ಓರೆ ಶಿಮ್ ಉಕ್ಕಿನದೇ ಇರಲಿ. ಅಲ್ಯೂಮಿನಿಯಂ ಶಿಮ್ ನಮ್ಮ ಕಡಲ ಉಪ್ಪುಗಾಳಿಗೆ ಸವೆದು, ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗುತ್ತದೆ.

ಉಡುಪಿ–ಕುಂದಾಪುರ ಹೆದ್ದಾರಿಯಂಥ ನೇರ ರಸ್ತೆಯಲ್ಲಿ ಓಡಿಸಿ ನೋಡಿ. ಗಾಡಿ ಹೊರಡುವಾಗಲೇ ನಡುಕ ಬಂದರೆ ಸೆಂಟರ್ ಬೇರಿಂಗಿನ ಎತ್ತರ ಅಥವಾ ಮುಂದಿನ ಕೋನ ತಪ್ಪಿದೆ ಎಂದರ್ಥ. ವೇಗದ ಜೊತೆ ಏರುತ್ತಾ ಹೋದರೆ ಬ್ಯಾಲೆನ್ಸ್. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ನಡುಗಿದರೆ ಪಿನಿಯನ್ ಕೋನ. ನಡುಕವಿಲ್ಲದೆ ಬರೀ ಊಳಿಡುವ ಸದ್ದಾದರೆ ಕ್ರೌನ್–ಪಿನಿಯನ್ ಹೊಂದಾಣಿಕೆ. ಆಗ ಹೌಸಿಂಗ್ ಬಿಚ್ಚಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳೆದು, ಹಲ್ಲಿಗೆ ಮಾರ್ಕಿಂಗ್ ಬ್ಲೂ (ಎಲ್ಲಿ ತಾಗುತ್ತದೆಂದು ತೋರಿಸುವ ನೀಲಿ ಬಣ್ಣ) ಹಚ್ಚಿ ನೋಡದೆ ದಾರಿಯಿಲ್ಲ.

500 ಕಿ.ಮೀ. ಆದ ಮೇಲೆ ಯು-ಬೋಲ್ಟ್, ಫ್ಲ್ಯಾಂಜ್ ಬೋಲ್ಟ್ ಎಲ್ಲ ಮತ್ತೆ ಬಿಗಿ ಮಾಡಿ. ಮಳೆಗಾಲಕ್ಕೆ ಮೊದಲು ಆಕ್ಸಲ್ ಮೇಲಿನ ಬ್ರೀದರಿಗೆ (ಗಾಳಿಯಾಡುವ ತೂತು) ರಬ್ಬರ್ ನಳಿಕೆ ಸಿಕ್ಕಿಸಿ ಡಿಕ್ಕಿಯ ಎತ್ತರಕ್ಕೆ ಒಯ್ಯಿರಿ. ಬಿಸಿಯಾದ ಹೌಸಿಂಗ್ ರಸ್ತೆಯಲ್ಲಿ ನಿಂತ ನೀರಿಗೆ ಇಳಿದು ತಣಿಯುವಾಗ ಬ್ರೀದರಿನಿಂದ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಬೆಳ್ಳಗೆ ಹಾಲಿನಂತಾಗಿದ್ದರೆ ಅದೇ ದಿನ ಬದಲಿಸಿ: ಆಕ್ಸಲಿಗೆ ಜಿಎಲ್-5 ದರ್ಜೆಯ ಗೇರ್ ಎಣ್ಣೆ, ಗೇರ್‌ಬಾಕ್ಸಿನ ಹಿತ್ತಾಳೆ ರಿಂಗ್‌ಗಳಿಗಾಗಿ ಅಲ್ಲಿಗೆ ಜಿಎಲ್-4.