ಒಂದು ಕೊಕೆಶಿ ಗೊಂಬೆಯಿಂದ ಜಪಾನಿ ಕರಕುಶಲದ ವ್ಯಾಪಾರ ಶುರುಮಾಡುವುದು ಹೇಗೆ?

ಜಪಾನಿಗೆ ಹೋಗಿ ಬಂದವರು ಕೊಟ್ಟ ಗೊಂಬೆಯೋ, ಚಹಾ ಬಟ್ಟಲೋ ನಿಮ್ಮ ಶೋಕೇಸಿನಲ್ಲಿದ್ದು, ಇಂಥದ್ದನ್ನು ಇನ್ನೂ ನಾಲ್ಕು ಜನಕ್ಕೆ ತಲುಪಿಸಬೇಕು ಅನಿಸಿದೆಯಾ? ಹಾಗಾದರೆ ಮೊದಲು ಆ ಒಂದು ವಸ್ತುವನ್ನೇ ಪೂರ್ತಿ ತಿಳಿದುಕೊಳ್ಳಿ. ನನ್ನ ವ್ಯಾಪಾರ ಹುಟ್ಟಿದ್ದು ಚಿಕ್ಕಮ್ಮ ತಂದುಕೊಟ್ಟ ಗೇಣುದ್ದದ ಕೊಕೆಶಿಯಿಂದ. ಕೈಕಾಲಿಲ್ಲದ ಮರದ ಗೊಂಬೆ, ದುಂಡು ತಲೆ, ಮೈಮೇಲೆ ಕೆಂಪು ಸೇವಂತಿಗೆ. ತಲೆ ತಿರುಗಿಸಿದರೆ ಕೀಂಯ್ ಅನ್ನುತ್ತದೆ.

ಆ ಸದ್ದಿನಿಂದಲೇ ಊರು ಗೊತ್ತಾಗುತ್ತದೆ. ಅದು ಮಿಯಾಗಿ ಪ್ರಾಂತ್ಯದ ನಾರುಕೊ. ಲೇತ್ ಮೇಲೆ ಮೈ ತಿರುಗುತ್ತಿರುವಾಗಲೇ ಬೇರೆಯಾಗಿ ಮಾಡಿದ ತಲೆಯನ್ನು ಒತ್ತಿ ಕೂರಿಸುತ್ತಾರೆ, ಬಿಗಿಯಾಗಿ ಕೂತ ಮರ ಮರಕ್ಕೆ ಉಜ್ಜಿ ಕೂಗುತ್ತದೆ. ತೊಗತ್ತಾ ಊರಿನದಾದರೆ ನೆತ್ತಿಯ ಮೇಲೆ ಕೆಂಪು ಗೆರೆಗಳು ಹರಡಿರುತ್ತವೆ. ತ್ಸುಚಿಯುದ್ದಾದರೆ ನೆತ್ತಿಯಲ್ಲಿ ಬಳೆಯಂಥ ಸುತ್ತು. ಎಲ್ಲವೂ ಜಪಾನಿನ ಈಶಾನ್ಯಕ್ಕಿರುವ ತೊಹೊಕು ಭಾಗದ ಬಿಸಿನೀರಿನ ಬುಗ್ಗೆಗಳ ಊರುಗಳೇ. ಎದೊ ಕಾಲದ ಕೊನೆಗೆ, ಅಂದರೆ 19ನೇ ಶತಮಾನದ ಮೊದಲರ್ಧದಲ್ಲಿ, ಅಲ್ಲಿ ಸ್ನಾನಕ್ಕೆ ಬಂದವರು ಮನೆಗೆ ಒಯ್ಯಲಿ ಅಂತ ಶುರುವಾದ ಗೊಂಬೆ ಇದು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುವುದನ್ನು ನೋಡಿದವರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ. ಕೊಕೆಶಿಗೆ ಬಣ್ಣವನ್ನು ಕುಂಚದಲ್ಲಿ ಬರೆದು ಮೇಣ ಹಚ್ಚುತ್ತಾರೆ, ಅಷ್ಟೇ ವ್ಯತ್ಯಾಸ.

ಇಷ್ಟು ತಿಳಿದ ಮೇಲೆ ಗೊಂಬೆಯನ್ನು ತಿರುಗಿಸಿ ಬುಡ ನೋಡಿ. ಸಾಂಪ್ರದಾಯಿಕ ಕೊಕೆಶಿಯಲ್ಲಿ ಮಾಡಿದವರ ಹೆಸರು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ನೀವು ಮಾರಬೇಕಾದ್ದು ಆ ಹೆಸರಿನ ಸಮೇತ. ಚೀಟಿಯಲ್ಲಿ ಮಾಡಿದವರು, ಊರು, ಮರ ಮೂರನ್ನೂ ಬರೆಯಿರಿ. ಸುಮ್ನೆ ‘ಜಪಾನಿ ಗೊಂಬೆ’ ಅಂತ ಮಾರಿದರೆ ಫ್ಯಾಕ್ಟರಿ ಮಾಲಿನ ಪಕ್ಕ ಇದು ದುಬಾರಿಯಾಗಿ ಕಾಣುತ್ತದೆ, ಅಲ್ವಾ?

ಮಾಲು ಹುಡುಕುವಾಗ ಜಪಾನ್ ಸರ್ಕಾರದ ಸಾಂಪ್ರದಾಯಿಕ ಕರಕುಶಲ ಮುದ್ರೆ ನೋಡಿಕೊಳ್ಳಿ. 1974ರ ಕಾನೂನಿನ ಕೆಳಗೆ ಕೊಡುವ ಮಾನ್ಯತೆ ಅದು. ಮುಖ್ಯ ಕೆಲಸ ಕೈಯಲ್ಲೇ ಆಗಬೇಕು, ಕಸುಬಿಗೆ ಸುಮಾರು 100 ವರ್ಷದ ಹಿನ್ನೆಲೆ ಇರಬೇಕು. ಮುದ್ರೆ ಇಲ್ಲದ ಒಳ್ಳೆಯ ಕೆಲಸವೂ ಬೇಕಾದಷ್ಟಿದೆ, ಆದರೆ ಹೊಸಬರಿಗೆ ಇದು ಗಟ್ಟಿ ನೆಲ. ಕುಶಲಕರ್ಮಿಗಳ ಹತ್ತಿರ ಚೌಕಾಸಿ ಬೇಡ. ಮಿಜುಕಿ ಮರದ ತೊಗಟೆ ತೆಗೆದು, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಲೇತಿಗೆ ಏರಿಸುವ ಕೆಲಸಕ್ಕೆ ಅವರು ಹೇಳುವ ಬೆಲೆ ಜಾಸ್ತಿಯಲ್ಲ. ಕಡಿಮೆ ಮಾಲು ತೆಗೆದುಕೊಳ್ಳಿ, ದುಡ್ಡು ಸಮಯಕ್ಕೆ ಕೊಡಿ, ಮತ್ತೆ ಅವರಲ್ಲಿಗೇ ಹೋಗಿ.

ಇನ್ನು ಕಾಗದಪತ್ರ. ಭಾರತಕ್ಕೆ ತರಿಸುವುದಾದರೆ ವಿದೇಶಿ ವ್ಯಾಪಾರದ ಸರ್ಕಾರಿ ಇಲಾಖೆ ಡಿಜಿಎಫ್‌ಟಿ ಕೊಡುವ ಐಇಸಿ (ಆಮದು–ರಫ್ತು ಕೋಡ್) ಸಂಖ್ಯೆ ಬೇಕು, ಜಿಎಸ್‌ಟಿ ನೋಂದಣಿ ಬೇಕು. 2011ರಿಂದ ಭಾರತ–ಜಪಾನ್ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಕಳಿಸುವವರು ಮೂಲದ ಪ್ರಮಾಣಪತ್ರ (ವಸ್ತು ಜಪಾನಿನದೇ ಅನ್ನುವ ದಾಖಲೆ) ಕೊಟ್ಟರೆ ಹಲವು ವಸ್ತುಗಳಿಗೆ ಸುಂಕ ಇಳಿಯುತ್ತದೆ, ಆರ್ಡರ್ ಕೊಡುವಾಗಲೇ ಕೇಳಿ. ಗೊಂಬೆಗೆ ಮಾತ್ರ ಒಂದು ತೊಡಕಿದೆ. ಆಟಿಕೆ ಅಂತ ಪರಿಗಣಿಸಿದರೆ 2021ರಿಂದ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಕಡ್ಡಾಯ. ಅಲಂಕಾರದ ವಸ್ತುವೋ ಆಟಿಕೆಯೋ ಎಂಬುದನ್ನು ಕಸ್ಟಮ್ಸ್ ಏಜೆಂಟ್ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಿ.

ಅದಕ್ಕೇ ಮೊದಲ ಪೆಟ್ಟಿಗೆಗೆ ನನ್ನ ಸಲಹೆ ತೆನುಗುಯಿ. ಸುಮಾರು 35 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ತೆಳು ಹತ್ತಿ ಬಟ್ಟೆ ಅದು. ಒಡೆಯುವುದಿಲ್ಲ, ತೂಕ ಕಡಿಮೆ. ಅಂಚು ಹೊಲಿದಿರುವುದಿಲ್ಲ, ದಾರ ಬಿಡುತ್ತದೆ. ಬೇಗ ಒಣಗಲಿ ಅಂತಲೇ ಹಾಗೆ ಬಿಟ್ಟಿದ್ದು. ಇದನ್ನು ಗಿರಾಕಿಗೆ ಮೊದಲೇ ಹೇಳದಿದ್ದರೆ ಮಾಲು ಕೆಟ್ಟಿದೆ ಅಂತ ವಾಪಸ್ ಬರುತ್ತದೆ.

ಕೊಕೆಶಿ ತರಿಸಿದ ಮೇಲೆ ಅದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಬಣ್ಣ ಮಾಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸೇವಂತಿಗೆ ಹರಡಿಹೋಗುತ್ತದೆ. ಒಣಗಿದ ಮೆತ್ತನೆ ಬಟ್ಟೆ ಸಾಕು.

ಮದುವೆಗೆ ಉಡುಗೊರೆ ಕೊಡಬೇಕು, ಒಂದೇ ಥರದ ಐವತ್ತು ಬೇಕು ಅಂತ ಕೇಳುವವರು ಬರುತ್ತಾರೆ. ಒಪ್ಪಿಕೊಳ್ಳುವ ಮೊದಲು ಕುಶಲಕರ್ಮಿಯನ್ನು ಕೇಳಿ, ಅವರು ಹೇಳಿದ ದಿನಕ್ಕೆ ಸಾಗಣೆಯ ಸಮಯ ಸೇರಿಸಿ ಹೇಳಿ, ಎರಡು ಮುಖ ಒಂದೇ ಥರ ಇರುವುದಿಲ್ಲ ಅಂತಲೂ ಹೇಳಿ. ಅವಸರ ಇದ್ದವರಿಗೆ ತೆನುಗುಯಿ ತೋರಿಸಿ.